ನಮ್ಮಪ್ಪನ ಗಣಿತದ ಸರ್

ಆಸ್ಪತ್ರೆಯ ಓಪಿಡಿಯಲ್ಲಿ ಕೂಸುಗಳು ಒಂದಕ್ಕಿಂತ ಒಂದು ಜೋರಾಗಿ ಅಳುವ ಹೊತ್ತು ನೋಡಿಯೇ ನಮ್ಮಪ್ಪ ಫೋನು ಮಾಡುತ್ತಾನೆ. ಬೇರೆ ಹೊತ್ತಿನಲ್ಲಿ ಮಾಡಿದರೆ ಅವನಿಗೆ ಸಮಾಧಾನವಿಲ್ಲ. ಆವತ್ತೂ ಹಾಗೇ ಆಯಿತು. ನನ್ನ ಒಂದು ಕೈ ಕೂಸಿನ ಎದೆಯ ಮೇಲಿತ್ತು, ಇನ್ನೊಂದರಲ್ಲಿ ಫೋನು.

"ಯವ್ವಾ, ನಮ್ಮ ಸರ್ ರಿಟೈರ್ ಆಗಾಕತ್ತಾರ."

"ಯಾವ ಸರ್ ಅಪ್ಪಾ?"

"ಯಾವ ಸರ್ ಅಂತ ಕೇಳ್ತಿಯಲ್ಲ! ನನಗೇನ್ ಹತ್ತ ಮಂದಿ ಸರ್ ಅದಾರೇನು?"

ಅದೂ ಖರೆ. ನಮ್ಮಪ್ಪನಿಗೆ ಸರ್ ಅಂತ ಇರುವುದು ಒಬ್ಬರೇ. ವಿಜಯಪುರದ ಕಾಲೇಜೊಂದರಲ್ಲಿ ಪಿಯುಸಿ ಹುಡುಗರಿಗೆ ಗಣಿತ ಹೇಳುತ್ತಿದ್ದವರು. ಆ ಕಾಲೇಜಿನಲ್ಲಿ ಓದಿದವಳು ನಾನು. ಆದರೆ ಅವರ ಪಾಠವನ್ನು ನಾನು ಕೇಳಿದ್ದು ಒಂದು ತಿಂಗಳು ಪೂರಾ ಕೂಡ ಅಲ್ಲ. ನೆಟ್ಟಗೆ ಕೂತು ಕೇಳಿದವನು ನಮ್ಮಪ್ಪ. ಘೋಣಸಗಿಯ ದ್ರಾಕ್ಷಿ ಬೆಳೆಗಾರ, ತಲೆಯ ಮೇಲೆ ಬಿಳಿ ಟೋಪಿ, ಕೊನೆಯ ಬೆಂಚು. ಹೇಳಿದರೆ ಜನ ನಗುತ್ತಾರೆ. ನಗಲಿ, ಹೇಳುತ್ತೇನೆ.

ಮೊದಲು ಸರ್ ಹೇಗಿದ್ದರು ಅನ್ನುವುದನ್ನು ಹೇಳಬೇಕು. ಎತ್ತರದ ಆಳು, ಕೆನೆಬಣ್ಣದ ಬುಶ್ ಶರ್ಟು, ಬಲಗೈ ತೋಳಿನ ತುಂಬ ಸುಣ್ಣದ ಪುಡಿ. ಬೋರ್ಡು ಒರೆಸಲು ಡಸ್ಟರು ಇದ್ದರೂ ಮೊಣಕೈಯಿಂದಲೇ ಒರೆಸುತ್ತಿದ್ದರು. ತಮ್ಮ ಅಕ್ಷರದ ಬಗ್ಗೆ ಅವರಿಗೆ ಬಹಳ ಸೊಕ್ಕು. ಗಂಟೆ ಹೊಡೆದ ಮೇಲೆ ಮುಂದಿನ ಪಾಠದವರು ಬಂದು ಬೋರ್ಡು ಒರೆಸಿದರೆ ಬಾಗಿಲಲ್ಲಿ ನಿಂತು, "ಸಾವಕಾಶ ಒರಸ್ರಿ, ಅದಕ್ಕೂ ಜೀವ ಐತಿ" ಎನ್ನುತ್ತಿದ್ದರು. ಮನೆ ಇಬ್ರಾಹಿಂಪುರದ ಕಡೆ. ಹಳೆಯ ಸ್ಕೂಟರು. ತಡವಾಗಿ ಬಂದ ದಿನ ರೈಲ್ವೆ ಗೇಟು ಬಿದ್ದಿತ್ತು ಎಂದು ಹೇಳುತ್ತಿದ್ದರು. ರೈಲೇ ಇಲ್ಲದ ಹೊತ್ತಿನಲ್ಲೂ ಅವರಿಗೆ ಗೇಟು ಬೀಳುತ್ತಿತ್ತು. ನಾವು ಯಾರೂ ಕೇಳಲು ಹೋಗುತ್ತಿರಲಿಲ್ಲ.

ಅವರಿಗೆ ಹೆಸರುಗಳು ನೆನಪಿರುತ್ತಿರಲಿಲ್ಲ. ಊರು ಮಾತ್ರ ಒಮ್ಮೆ ಕೇಳಿದರೆ ಸಾಕು, ಸಾಯುವ ತನಕ ಮರೆಯುವವರಲ್ಲ. ಹಾಗಾಗಿ ಹಾಜರಿಯನ್ನು ಊರಿನ ಮೇಲೆ ಕೂಗುತ್ತಿದ್ದರು. "ಬಬಲೇಶ್ವರ ಒಂದು, ಬಬಲೇಶ್ವರ ಎರಡು, ಟಿಕೋಟಾ ಒಂದು, ಭೂತನಾಳ..." ಟಿಕೋಟಾದವರು ನಾಲ್ವರಿದ್ದರೆ ನಾಲ್ಕೂ ನಂಬರು. ಶಹರದ ಹುಡುಗರಿಗೆ ಓಣಿಯ ಹೆಸರು. ಬೆಂಗಳೂರಿನಿಂದ ವರ್ಗವಾಗಿ ಬಂದ ಒಬ್ಬ ಅಧಿಕಾರಿಯ ಮಗ ತನ್ನ ಹೆಸರು ಕರೆಯಬೇಕೆಂದು ಹಟ ಹಿಡಿದಾಗ, "ಆತಪ್ಪ, ನೀ ಬೆಂಗಳೂರು. ಖುಷಿನಾ?" ಎಂದರು. ಅವನು ಎರಡು ವರ್ಷ ಬೆಂಗಳೂರು ಆಗಿಯೇ ಉಳಿದ.

ಉತ್ತರ ತಪ್ಪಿದರೆ ತಪ್ಪು ಅನ್ನುತ್ತಿರಲಿಲ್ಲ. "ಬಸ್ ಸರಿ ಹತ್ತೀದಿ. ಊರ ತಪ್ಪಸೀದಿ" ಎನ್ನುತ್ತಿದ್ದರು. ಪೂರಾ ತಪ್ಪಿದ್ದರೆ, "ಬಸ್ ಸ್ಟ್ಯಾಂಡಿಗೇ ಬಂದಿಲ್ಲಲೇ ನೀ." ಆದರೆ ಯಾರಾದರೂ ಲೆಕ್ಕವೊಂದನ್ನು ಸುಲಭ ಅಂದರೆ ಸಿಟ್ಟು ನೆತ್ತಿಗೇರುತ್ತಿತ್ತು. "ನಿನಗ ಸುಲಭ. ಬಾಜೂಕ ಕುಂತಾಂವಗ ಕೇಳೀದೇನು?" ಎಂದು ಗದರುತ್ತಿದ್ದರು. ಅದೊಂದು ಮಾತಿಗೆ ನಾನು ಅವರಿಗೆ ಇವತ್ತಿಗೂ ಋಣಿ. ಬಾಜೂಕ ಕೂತವಳು ನಾನೇ ಆಗಿದ್ದೆ.

ಈಗ ನನ್ನ ಸಂಕಟಕ್ಕೆ ಬರುತ್ತೇನೆ. ನನಗೆ ಡಾಕ್ಟರಾಗಬೇಕಿತ್ತು. ಮನೆಯಲ್ಲಿ ಆಡು ಈದರೆ ಮರಿಯನ್ನು ಒರೆಸಿ, ಮೂಗು ಸ್ವಚ್ಛ ಮಾಡಿ, ಮೊಲೆಗೆ ಹಿಡಿಸುವ ಕೆಲಸ ಸಣ್ಣವಳಿದ್ದಾಗಿನಿಂದ ನನ್ನದು. ಬಬಲೇಶ್ವರಕ್ಕೆ ಕೊಟ್ಟಿದ್ದ ನಮ್ಮ ಅತ್ತೆ, ಅಂದರೆ ಅಪ್ಪನ ಅಕ್ಕ, ನನ್ನನ್ನು ಡಾಕ್ಟರಬಾಯಿ ಎಂದು ಕರೆದು ಚೇಷ್ಟೆ ಮಾಡುತ್ತಿದ್ದಳು. ಚೇಷ್ಟೆ ನನಗೆ ಖರೆ ಆಗಿಬಿಟ್ಟಿತು. ಹತ್ತನೆಯದರಲ್ಲಿ ಒಳ್ಳೆಯ ಮಾರ್ಕ್ಸೂ ಬಂದವು.

ಪಿಯುಸಿ ಮೊದಲ ವರ್ಷ ವಿಜ್ಞಾನಕ್ಕೆ ಹೋದರೆ ಫಿಜಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಮೂರೂ ಡಾಕ್ಟರಾಗುವವರಿಗೆ ಬೇಕೇ ಬೇಕು. ಅದರಲ್ಲಿ ಜಗಳವಿಲ್ಲ. ಜಗಳ ಇರುವುದು ನಾಲ್ಕನೆಯ ವಿಷಯದ್ದು. ಗಣಿತ ಹಿಡಿದರೆ ಡಾಕ್ಟರಕಿ ತಪ್ಪಿದರೂ ಇಂಜಿನಿಯರಿಂಗ್ ಬಾಗಿಲು ತೆರೆದಿರುತ್ತದೆ. ಗಣಿತ ಬಿಟ್ಟು ನಮ್ಮ ಕಾಲೇಜಿನಲ್ಲಿ ಇದ್ದ ಹೋಮ್ ಸೈನ್ಸ್ ಹಿಡಿದರೆ ಬಾಕಿ ಮೂರನ್ನು ಓದಲು ಹೊತ್ತು ಸಿಗುತ್ತದೆ, ಆದರೆ ಆ ಬಾಗಿಲು ಮುಚ್ಚುತ್ತದೆ. ನಾನು ಹತ್ತನೆಯವರೆಗೂ ಗಣಿತವನ್ನು ಬಾಯಿಪಾಠ ಮಾಡಿ ದಾಟಿದವಳು. ಕನ್ನಡ ಮಾಧ್ಯಮದಿಂದ ಇಂಗ್ಲಿಷಿಗೆ ಬಂದು ಬಿದ್ದವಳು ಬೇರೆ. ಈ ಗಣಿತ ನನ್ನನ್ನು ಮುಳುಗಿಸುತ್ತದೆ, ಜೊತೆಗೆ ಡಾಕ್ಟರಕಿಯನ್ನೂ ಮುಳುಗಿಸುತ್ತದೆ ಎಂದು ನನಗೆ ಗೊತ್ತಿತ್ತು.

ಅಡ್ಮಿಷನ್ನಿಗೆ ನಾವು ಹೋದದ್ದು ಹೆಣ್ಣು ನೋಡಲು ಹೋದ ಹಾಗೆ. ಅಪ್ಪ, ಕಾಕಾ, ಅತ್ತೆ, ಎಲ್ಲರ ಹಿಂದೆ ನಾನು. ಕಾಲೇಜಿನ ಅಂಗಳದ ಬೇವಿನ ಮರದ ಕೆಳಗೆ ಮೇಜು ಹಾಕಿಕೊಂಡು ಸರ್ ಕೂತಿದ್ದರು. ಯಾರು ಯಾವ ವಿಷಯ ಹಿಡಿಯಬೇಕು ಎಂದು ಮಾತಾಡುವ ಕೆಲಸ ಆ ವರ್ಷ ಅವರಿಗೆ ಬಿದ್ದಿತ್ತು. ವರ್ಷಾ ವರ್ಷವೂ ಅವರಿಗೇ ಬೀಳುತ್ತಿತ್ತು. ಉಳಿದವರಿಗೆ ಬಿಸಿಲಲ್ಲಿ ಕೂರಲು ಬೇಡವಾಗಿತ್ತು.

"ಊರು?"

"ಘೋಣಸಗಿರಿ" ಎಂದ ಅಪ್ಪ.

"ಏನ್ ಆಗಬೇಕಂತೀದಿ ತಂಗಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಡಾಕ್ಟರಬಾಯಿ ಆಗ್ತಾಳಂತ್ರಿ" ಎಂದಳು.

"ಹಂಗಾರ ಗಣಿತ ಯಾಕ? ಹೋಮ್ ಸೈನ್ಸ್ ತಗೋವಲ್ಲಳ್ಯಾಕ?"

ಗಣಿತದ ಮಾಸ್ತರರೇ ಗಣಿತ ಯಾಕೆ ಅಂದದ್ದು ಕೇಳಿ ನನಗೆ ಅವರ ಕಾಲಿಗೆ ಬೀಳುವಷ್ಟು ಖುಷಿಯಾಯಿತು. ಅತ್ತೆಗೆ ಮಾತ್ರ ತಡೆಯಲಾಗಲಿಲ್ಲ.

"ಅಯ್ಯ ಶಿವನ! ಅಡಿಗಿ ಕಲ್ಯಾಕ ಕಾಲೇಜಿಗಿ ಕಳಸಬೇಕೇನ್ರಿ? ರೊಟ್ಟಿ ಬಡ್ಯೂದು ನಾ ಮನ್ಯಾಗ ಪುಕ್ಕಟೆ ಕಲಸ್ತೀನಿ."

ಅಪ್ಪ ಗಂಭೀರವಾಗಿ ಕೆಮ್ಮಿದ. ಮನೆಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದ. "ನೋಡ್ರಿ ಸರ್. ದ್ರಾಕ್ಷಿ ಮಾರ್ಕೆಟ್ಟಿಗಿ ಹೋಗಲಿಲ್ಲಂದ್ರ ನಾವು ಚೆಲ್ಲೂದಿಲ್ರಿ. ಒಣಗಿಸಿ ಮಣೂಕ ಮಾಡ್ತೀವಿ. ಡಾಕ್ಟರಕಿ ಸಿಗಲಿಲ್ಲಂದ್ರ ಈಕಿಗಿ ಗಣಿತ ಇರಲಿ."

"ಬಳ್ಳ್ಯಾಗ ಗೊನಿ ಬಾಳ ಬಂದ್ರ ಎಲ್ಲಾ ಇಡ್ತೀರೇನು?"

"ಇಲ್ರಿ. ಅರ್ಧ ಚಿವುಟತೀವಿ. ಇಲ್ಲಂದ್ರ ಕಾಳ ಸಣ್ಣ ಬೀಳ್ತಾವ."

"ಮತ್ತ?"

"ಅದು ಬ್ಯಾರೆ, ಇದು ಬ್ಯಾರೆರಿ" ಎಂದ ಅಪ್ಪ. ನಮ್ಮಪ್ಪನ ಹಟ ಊರಿಗೇ ಗೊತ್ತು. ಹಟ ಬಿಟ್ಟರೆ ಬೇರೆ ದೋಷವಿಲ್ಲದ ಮನುಷ್ಯ.

ಸರ್ ವಾದ ಮಾಡಲಿಲ್ಲ. ತಿಂಗಳ ಕೊನೆಯವರೆಗೆ ವಿಷಯ ಬದಲಿಸಲು ಅವಕಾಶವಿದೆ ಎಂದರು. ಆಮೇಲೆ ಅಪ್ಪನನ್ನೇ ನೋಡುತ್ತ, "ವಿಷಯ ಆರಿಸಿದವರು ನೀವು. ಹಂಗಾರ ಮೊದಲನೇ ದಿನ ಆಕಿ ಸಂಗಾಟ ನೀವೂ ಬಂದು ಕ್ಲಾಸಿನ್ಯಾಗ ಕೂಡ್ರಿ. ಒಂದ ತಾಸು" ಎಂದರು.

ಇದು ಅವರ ರಿವಾಜು ಎಂದು ಆಮೇಲೆ ತಿಳಿಯಿತು. ಮಕ್ಕಳಿಗೆ ಬೇಡವಾದ ಗಣಿತವನ್ನು ಯಾವ ಅಪ್ಪ ಹಟ ಹಿಡಿದು ಕೊಡಿಸುತ್ತಾನೋ ಅವನು ಕೊನೆಯ ಬೆಂಚಿನಲ್ಲಿ ಒಂದು ತಾಸು ಕೂರಬೇಕು. ಬಹಳಷ್ಟು ಅಪ್ಪಂದಿರು ಗಂಟೆ ಹೊಡೆಯುವ ಮೊದಲೇ ಬೆವೆತು, "ಬ್ಯಾಡ್ರಿ ಸರ್, ಹುಡುಗ ಹೆಂಗಂತಾನ ಹಂಗ ಮಾಡ್ರಿ" ಎಂದು ಕೈಮುಗಿಯುತ್ತಿದ್ದರು. ಒಬ್ಬರು ಗೊರಕೆ ಹೊಡೆದರಂತೆ. ಸರ್ ಎಬ್ಬಿಸಲಿಲ್ಲ, ಮಗನನ್ನು ಕರೆದು, "ನೋಡಪ್ಪ, ನಿಮ್ಮಪ್ಪಗ ನಿದ್ದಿ ಬಂತು, ನಿನಗ?" ಎಂದು ಕೇಳಿದರಂತೆ. ಪ್ರಿನ್ಸಿಪಾಲರಿಗೆ ಈ ರಿವಾಜು ಸರಿ ಬರುತ್ತಿರಲಿಲ್ಲ. "ನಿಮ್ಮ ವಿಷಯದ ಹುಡುಗರನ್ನ ನೀವ ಓಡಿಸಾಕತ್ತೀರಿ. ನಾಳೆ ಹುಡುಗರು ಕಡಿಮಿ ಆಗಿ ನಿಮ್ಮನ್ನ ಬೀದರಕ್ಕ ವರ್ಗ ಮಾಡಿದ್ರ?" ಎಂದು ಹೆದರಿಸುತ್ತಿದ್ದರು. "ಬೀದರದಾಗೂ ಕೊನೀ ಬೆಂಚ್ ಇರ್ತೈತಲ್ರಿ" ಎನ್ನುತ್ತಿದ್ದರು ಸರ್.

ಮೊದಲ ದಿನ. ಅಪ್ಪ ಇಸ್ತ್ರಿ ಧೋತರ ಉಟ್ಟು, ಮದುವೆಗೆ ಹಾಕುವ ಟೋಪಿ ಹಾಕಿಕೊಂಡು ಬಂದ. ಕ್ಲಾಸಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಹೊಸ್ತಿಲು ಮುಟ್ಟಿ ಹಣೆಗೆ ಒತ್ತಿಕೊಂಡು ಒಳಗೆ ಕಾಲಿಟ್ಟ. ಹುಡುಗಿಯರೆಲ್ಲ ಕಿಸಿಕಿಸಿ ನಕ್ಕರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಘೋಣಸಗಿ, ಚಪ್ಪಲಿ ಒಳಗ ತಗೊಂಡ ಬರ್ರಿ. ಇಲ್ಲಿ ನಾಯಿ ಒಯ್ತಾವ" ಎಂದರು ಸರ್. ಆಮೇಲೆ ಹಾಜರಿ ಕೂಗಿದರು. ನಾನು ಘೋಣಸಗಿ ಒಂದು. ಎಲ್ಲರದೂ ಮುಗಿದ ಮೇಲೆ ಕೊನೆಯ ಬೆಂಚಿನತ್ತ ನೋಡಿ, "ಘೋಣಸಗಿ ಎರಡು?" ಎಂದರು.

ಅಪ್ಪ ಥಟ್ಟನೆ ಎದ್ದು ನಿಂತು ಕೈ ಕಟ್ಟಿಕೊಂಡ. "ಹಾಜರ್ರಿ ಸರ್."

ಪುಸ್ತಕ ಇಂಗ್ಲಿಷಿನದು, ಪಾಠ ಮಾತ್ರ ನಮ್ಮ ಕನ್ನಡದ್ದು. ಆವತ್ತು ಗಣಗಳ ಪಾಠ. ಒಂದು ಊರಿನಲ್ಲಿ ಇಷ್ಟು ಮನೆಗಳಲ್ಲಿ ಆಡು, ಇಷ್ಟು ಮನೆಗಳಲ್ಲಿ ದ್ರಾಕ್ಷಿ, ಇಷ್ಟರಲ್ಲಿ ಎರಡೂ. ಹಾಗಾದರೆ ಒಟ್ಟು ಎಷ್ಟು ಮನೆ? ಸರ್ ಬೋರ್ಡಿನ ಮೇಲೆ ಒಂದರೊಳಗೆ ಒಂದು ಸೇರುವಂತೆ ಎರಡು ದುಂಡನೆಯ ಗೆರೆ ಎಳೆದರು. ನನಗೆ ಅವು ಎರಡು ಬಳೆಗಳ ಹಾಗೆ ಕಂಡವು, ಅಷ್ಟೇ. ಹಿಂದಿನಿಂದ ಅಪ್ಪನ ಧ್ವನಿ ಬಂತು. ಆಡಿನ ಮನೆ, ದ್ರಾಕ್ಷಿಯ ಮನೆ ಎರಡನ್ನೂ ಕೂಡಿಸಿ ಗಟ್ಟಿಯಾಗಿ ಉತ್ತರ ಹೇಳಿಬಿಟ್ಟ.

"ಬಸ್ ಸರಿ ಹತ್ತೀರಿ ಯಪ್ಪಾ. ಒಂದ ಸ್ಟಾಪ್ ಮುಂದ ಇಳದೀರಿ. ಎರಡೂ ಇದ್ದಾಂವನ ಮನಿಗಿ ಎರಡ ಸಲ ಹೋಗಿ ಬಂದೀರಿ ನೋಡ್ರಿ."

ಅಪ್ಪ ಬೋರ್ಡನ್ನು ಒಂದು ಗಳಿಗೆ ದಿಟ್ಟಿಸಿದ. ಅವನ ಮುಖ ಅರಳಿತು. "ಹೌದಲ್ರಿ! ಆಂವ ನಮ್ಮ ಬೀಗರ ಪೈಕಿ ಇರಬೇಕ್ರಿ, ಅದಕ್ಕ ಎರಡ ಸಲ ಹೋದ್ನಿ."

ಇಡೀ ಕ್ಲಾಸು ಹೋ ಎಂದು ನಕ್ಕಿತು. ಸರ್ ಮೊಣಕೈಯಿಂದ ಕಣ್ಣೊರೆಸಿಕೊಂಡು ನಕ್ಕರು, ಹುಬ್ಬಿಗೆಲ್ಲ ಸುಣ್ಣ ಹತ್ತಿತು. ಈ ಸಲ ಅವರು ನಕ್ಕದ್ದಕ್ಕೆ ನನಗೂ ಬೇಜಾರಾಗಲಿಲ್ಲ.

ಬೇಜಾರು ಆಮೇಲೆ ಬಂತು. ಗಂಟೆ ಹೊಡೆಯಿತು. ಅಪ್ಪ ಎದ್ದು ನಿಂತು, "ಸರ್, ನಾಳೆ ಯಾವ ಪಾಠರಿ?" ಎಂದು ಕೇಳಿದ. ಹೊರಗೆ ಬಂದವನೇ ನನ್ನ ಹೆಗಲು ಹಿಡಿದು, "ಯವ್ವಾ, ಏನ್ ಚೊಲೊ ಹೇಳ್ತಾರ ಬೇ ಅವರು! ಗಣಿತ ಬಿಟ್ಟೀಯಂದ್ರ ನೋಡು. ಬಿಡಂಗಿಲ್ಲ ಅಂದ್ರ ಬಿಡಂಗಿಲ್ಲ" ಎಂದ. ಉಳಿದ ಅಪ್ಪಂದಿರ ಹಟ ಬಿಡಿಸಿದ ಮದ್ದು ನಮ್ಮಪ್ಪನಿಗೆ ಉಲ್ಟಾ ಹೊಡೆದಿತ್ತು. ಮಾರನೆಯ ದಿನವೂ ಬಂದ. ಅದರ ಮಾರನೆಯ ದಿನವೂ. ತೋಟದಲ್ಲಿ ಬಳ್ಳಿ ಸವರಿ ಮುಗಿದಿತ್ತು, ಉಳಿದದ್ದನ್ನು ಕಾಕಾ ನೋಡಿಕೊಳ್ಳುತ್ತಿದ್ದ. ನಮ್ಮೂರಿಗೆ ಹತ್ತಿರದ ಟಿಕೋಟಾದಿಂದ ಶಹರಕ್ಕೆ ಬರುವ ಬಸ್ಸಿನಲ್ಲಿ ಅಪ್ಪ ಕಿಟಕಿಗೆ ಕೂತು ಬೆರಳಿನಿಂದ ತೊಡೆಯ ಮೇಲೆ ಲೆಕ್ಕ ಬರೆಯುತ್ತಿದ್ದ. "ಇದು ಹೆಂಗ್ ಬಂತು ಹೇಳು" ಎಂದು ನನಗೆ ಕೇಳುತ್ತಿದ್ದ. ನನಗೆ ಬರುತ್ತಿರಲಿಲ್ಲ. ಅವನೇ ಹೇಳುತ್ತಿದ್ದ. ಕೇಳುತ್ತ ಕೇಳುತ್ತ ನಾನು ಕಿಟಕಿಯ ಹೊರಗೆ ನೋಡಿ ಕಣ್ಣೀರು ನುಂಗುತ್ತಿದ್ದೆ. ತಿಂಗಳು ಮುಗಿಯುತ್ತ ಬಂದಿತ್ತು.

ಒಂದು ದಿನ ತಡೆಯದೆ ನೇರ ಸ್ಟಾಫ್ ರೂಮಿಗೆ ನುಗ್ಗಿದೆ. ಅಲ್ಲಿ ಸರ್ ಒಬ್ಬರೇ ಶೇಂಗಾ ಸುಲಿಯುತ್ತ ಕೂತಿದ್ದರು.

"ಎಲ್ಲಾ ನಿಮ್ಮಿಂದ ಆತ್ರಿ ಸರ್! ನೀವು ಅಷ್ಟ ಚಂದ ಹೇಳಬಾರದಿತ್ತು. ನಮ್ಮಪ್ಪ ಈಗ ಬಿಡವಲ್ಲ. ನನಗ ಬರೂದಿಲ್ರಿ, ಬರೂದಿಲ್ಲಂದ್ರ ಬರೂದಿಲ್ಲ. ಬಯಾಲಜಿ ಓದಾಕ ಹೊತ್ತಿಲ್ಲ. ಡಾಕ್ಟರಕಿ ಹೋತು ನಂದು" ಎಂದು ಗೊಳೋ ಎಂದೆ.

ಅವರು ನಕ್ಕರು. ಆಮೇಲೆ ನಗುವುದನ್ನು ನಿಲ್ಲಿಸಿ ನನ್ನ ಕೈಗೆ ಒಂದು ಹಿಡಿ ಶೇಂಗಾ ಹಾಕಿದರು. "ಅಳಬ್ಯಾಡ ಘೋಣಸಗಿ. ಇಂಥಾ ಕೇಸು ನನಗೂ ಇದ ಮೊದಲು. ಅಪ್ಪಾರನ್ನ ಕರಕೊಂಡ ಬಾ. ಚಾ ಕುಡ್ಯೋಣು."

ಕಾಲೇಜಿನ ಗೇಟಿನೆದುರು ಚಾದಂಗಡಿ. ಮೂವರಿಗೂ ಚಾ ಬಂತು. ಸರ್ ಊರು, ಬೆಳೆ, ಮಳೆ ಎಲ್ಲ ಕೇಳಿದರು. ಕೊನೆಗೆ, "ಸಾಲಿ ಎಲ್ಲೀ ತನಕ ಕಲ್ತೀರಿ?" ಎಂದರು.

"ಏಳನೆತ್ತೆರಿ. ನಮ್ಮಣ್ಣ ಮಿಲ್ಟ್ರಿಗಿ ಹೋದ. ಆಡಿನ ಹಿಂದ ಹೋಗಾಕ ಮನ್ಯಾಗ ಯಾರೂ ಇರಲಿಲ್ಲ. ನಮ್ಮಪ್ಪ ನನ್ನ ಬಿಡಿಸಿದ." ಅಪ್ಪ ಚಾದ ಒಂದು ಗುಟುಕು ಕುಡಿದು, "ನಾ ಗಣಿತದಾಗ ಬಾಳ ಚುರುಕಿದ್ನಿರಿ. ಮಾಸ್ತರು ಮನೀ ತನಕ ಬಂದು ಹೇಳಿದ್ರು. ನಮ್ಮಪ್ಪ ಕೇಳಲಿಲ್ಲ" ಎಂದ.

ಈ ಸಂಗತಿ ನನಗೆ ಗೊತ್ತೇ ಇರಲಿಲ್ಲ. ಮನೆಯಲ್ಲಿ ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸರ್ ಚಾದ ಗ್ಲಾಸು ಕೆಳಗಿಟ್ಟು, ಬಹಳ ಮೆತ್ತಗೆ ಕೇಳಿದರು. "ಹಂಗಾರ ಈ ಗಣಿತ ಬೇಕಾಗಿದ್ದು ಯಾರಿಗಿರಿ? ಆಕಿಗೋ, ನಿಮಗೋ?"

ಅಪ್ಪ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ರಸ್ತೆಯಲ್ಲಿ ಟಂಟಂ ಆಟೋಗಳು ಹೋಗುತ್ತಿದ್ದವು, ಅವುಗಳನ್ನೇ ನೋಡುತ್ತ ಕೂತ. ನಾನು ಅವನ ಮುಖ ನೋಡಲಾರದೆ ನನ್ನ ಗ್ಲಾಸು ನೋಡಿದೆ.

"ನನಗ ಬೇಕಾಗಿತ್ತೇನೋ ಅನಸ್ತೈತ್ರಿ" ಎಂದ ಕೊನೆಗೆ.

"ನಿಮಗ ಬೇಕಾದ್ರ ನೀವು ಬರ್ರಿ. ಬಾಗಿಲ ತೆರದೈತಿ. ಆಕಿ ಹೆಗಲ ಮ್ಯಾಲ ಹೇರಿ ಕಳಸಬ್ಯಾಡ್ರಿ."

"ನಾ ಬಂದ್ರ ನಡೀತೈತೇನ್ರಿ? ಈ ವಯಸ್ಸಿನ್ಯಾಗ?"

"ಯಾಕ ನಡ್ಯೂದಿಲ್ಲ? ಇನ್ಸ್‌ಪೆಕ್ಷನ್ ಇದ್ದ ದಿನ ಅಷ್ಟ ಬರಬ್ಯಾಡ್ರಿ."

ಅಪ್ಪ ನಕ್ಕ. ಟೋಪಿ ಹಾಕಿಕೊಂಡು ಎದ್ದ. ಒಳಗೆ ಹೋಗಿ ನನ್ನ ವಿಷಯ ಬದಲಿಸಿ ಸಹಿ ಮಾಡಿದ. ವಾಪಸು ಬರುವಾಗ ಬಸ್ಸಿನಲ್ಲಿ, "ಹೋಮ್ ಸೈನ್ಸಿನ್ಯಾಗ ಖರೇನ ರೊಟ್ಟಿ ಬಡ್ಯಾಕ ಹಚ್ತಾರೇನ?" ಎಂದು ಮಾತ್ರ ಕೇಳಿದ. ನಾನು ಅವನ ತೋಳಿಗೆ ಒರಗಿ ಟಿಕೋಟಾ ಬರುವವರೆಗೆ ನಿದ್ದೆ ಮಾಡಿದೆ. ಅಷ್ಟು ಒಳ್ಳೆಯ ನಿದ್ದೆ ಆ ತಿಂಗಳಲ್ಲಿ ಬಂದಿರಲಿಲ್ಲ.

ಹೋಮ್ ಸೈನ್ಸಿನಲ್ಲಿ ರೊಟ್ಟಿ ಬಡಿಯಲು ಹಚ್ಚಲಿಲ್ಲ. ಯಾವ ವಯಸ್ಸಿನ ಕೂಸಿಗೆ ಏನು ತಿನ್ನಿಸಬೇಕು, ಎಷ್ಟು ತಿಂಗಳಿಗೆ ಕೂಸು ಏನು ಮಾಡಬೇಕು ಎಂಬುದೆಲ್ಲ ಅದರಲ್ಲಿತ್ತು. ಇವತ್ತು ಮಕ್ಕಳ ಡಾಕ್ಟರಾಗಿ ಕೂತು ತಾಯಂದಿರಿಗೆ ನಾನು ದಿನಾ ಹೇಳುವ ಮಾತಿನಲ್ಲಿ ಅರ್ಧ ಅಲ್ಲಿ ಕಲಿತದ್ದು. ಅತ್ತೆ ಇದನ್ನು ಈಗಲೂ ಒಪ್ಪುವುದಿಲ್ಲ. ಒಪ್ಪದಿದ್ದರೂ ತನ್ನ ಮೊಮ್ಮಕ್ಕಳನ್ನು ಬಬಲೇಶ್ವರದಿಂದ ನನ್ನ ಹತ್ತಿರವೇ ಕರೆತರುತ್ತಾಳೆ.

ಇತ್ತ ನಮ್ಮಪ್ಪ ನಿಯತ್ತಾಗಿ ಗಣಿತಕ್ಕೆ ಹೋಗತೊಡಗಿದ. ದಿನಾ ಅಲ್ಲ, ತೋಟದಲ್ಲಿ ಬಿಡುವಾದಾಗ. ಮಣೂಕ ಒಣಗಿಸುವ ಹೊತ್ತಿನಲ್ಲಿ ವಾರಗಟ್ಟಲೆ ತಪ್ಪಿಸಿ, ಆಮೇಲೆ ಹೋಗಿ ಬೈಸಿಕೊಳ್ಳುತ್ತಿದ್ದ. ನಾನು ಪಕ್ಕದ ಕೋಣೆಯಲ್ಲಿ ಹೋಮ್ ಸೈನ್ಸ್ ಕೇಳುತ್ತಿದ್ದರೆ ಗೋಡೆಯಾಚೆಯಿಂದ ಸರ್ ಧ್ವನಿ ಬರುತ್ತಿತ್ತು. "ಘೋಣಸಗಿ?" ನಂಬರು ಈಗ ಬೇಕಿರಲಿಲ್ಲ, ಅಲ್ಲಿ ಉಳಿದ ಘೋಣಸಗಿ ಅವನೊಬ್ಬನೇ. "ಹಾಜರ್ರಿ ಸರ್." ಗೆಳತಿಯರು ನನ್ನನ್ನು ತಿವಿಯುತ್ತಿದ್ದರು. ಮೊದಮೊದಲು ನಾಚಿಕೆ ಆಗುತ್ತಿತ್ತು. ಆಮೇಲೆ ಆ ಧ್ವನಿ ಕೇಳದ ದಿನ ಕಸಿವಿಸಿಯಾಗುತ್ತಿತ್ತು.

ಇನ್ಸ್‌ಪೆಕ್ಷನ್ ದಿನ ಬರಬೇಡಿ ಅಂದಿದ್ದರಲ್ಲ, ನಮ್ಮಪ್ಪ ಸರಿಯಾಗಿ ಆವತ್ತೇ ಹೋದ. ಗೊತ್ತಿರಲಿಲ್ಲ, ಪಾಪ. ಬಂದ ಸಾಹೇಬರು ಕೊನೆಯ ಬೆಂಚಿನ ಟೋಪಿ ನೋಡಿ, "ಇವರು ಯಾರು?" ಎಂದು ಕೇಳಿದರಂತೆ. ಸರ್ ಸ್ವಲ್ಪವೂ ಅಳುಕದೆ, "ನನ್ನ ವಿದ್ಯಾರ್ಥಿರಿ" ಎಂದರಂತೆ. ಸಾಹೇಬರು ಅಪ್ಪನಿಗೇ ಒಂದು ಲೆಕ್ಕ ಕೇಳಿದರು. ಅಪ್ಪ ತಪ್ಪು ಹೇಳಿದ. "ಬಸ್ ಸರಿ ಹತ್ತ್ಯಾರ್ರಿ ಸಾಹೇಬ್ರ" ಎಂದರಂತೆ ಸರ್. ಅಪ್ಪ ಈ ಕಥೆಯನ್ನು ಎಷ್ಟು ಸಲ ಹೇಳಿದ್ದಾನೆಂದರೆ ನಮ್ಮ ಆಡುಗಳಿಗೂ ಬಾಯಿಪಾಠ ಆಗಿರಬೇಕು.

ಎಲ್ಲವೂ ನಗುವಿನಲ್ಲೇ ಮುಗಿಯಿತು ಅಂದುಕೊಳ್ಳಬೇಡಿ. ಎರಡನೆಯ ವರ್ಷ ಮುಗಿದು ಪರೀಕ್ಷೆಯ ಫಲಿತಾಂಶ ಬಂದಾಗ ನನಗೆ ಮೆಡಿಕಲ್ ಸೀಟು ಸಿಗಲಿಲ್ಲ. ಸ್ವಲ್ಪದರಲ್ಲಿ ತಪ್ಪಿತು. ನನ್ನ ಬಳಿ ಇನ್ನೊಂದು ಬಾಗಿಲೂ ಇರಲಿಲ್ಲ. ಅದನ್ನು ಮುಚ್ಚಿಸಿದವಳು ನಾನೇ. ಅತ್ತೆ ಬಂದು, "ನಾ ಆವತ್ತ ಹೇಳಿದ್ನಿಲ್ಲ?" ಎಂದಳು. ಕಾಕಾ ಒಂದು ಗಂಡಿನ ಸುದ್ದಿ ತೆಗೆದ. ಅಪ್ಪ ಟೋಪಿ ಹಾಕಿಕೊಂಡು ತೋಟಕ್ಕೆ ಹೋದ. ಅವನು ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

ಆ ವಾರ ಸರ್ ಆ ಹಳೆಯ ಸ್ಕೂಟರ್ ಮೇಲೆ ಘೋಣಸಗಿಗೆ ಬಂದರು. ಅವರು ನಮ್ಮ ಮನೆಗೆ ಬಂದದ್ದು ಅದೊಂದೇ ಸಲ. ಧೂಳು ಹಿಡಿದು ಮುಖ ಗುರುತೇ ಸಿಗುತ್ತಿರಲಿಲ್ಲ. ಪಡಸಾಲೆಯಲ್ಲಿ ಕೂತರು. ಅವ್ವ ನೀರು ಕೊಟ್ಟಳು. ಅವರು ಕುಡಿಯಲಿಲ್ಲ.

"ಆಕಿ ಗಣಿತ ಬಿಡಿಸಿದಾಂವ ನಾನು. ತಪ್ಪಾಗಿದ್ರ ನನಗ ಬೈರಿ, ಆಕಿಗಿ ಏನೂ ಅನಬ್ಯಾಡ್ರಿ" ಎಂದರು. ಹೇಳುವಾಗ ಸ್ಕೂಟರಿನ ಕೀಲಿಯನ್ನು ಬೆರಳಿಗೆ ಸುತ್ತುತ್ತಲೇ ಇದ್ದರು. ಇಷ್ಟು ಜನರ ಮಕ್ಕಳಿಗೆ ಬುದ್ಧಿ ಹೇಳುವವರೂ ಒಳಗೊಳಗೆ ಹೆದರಿರುತ್ತಾರೆ ಎಂದು ನನಗೆ ಆವತ್ತು ತಿಳಿಯಿತು.

ಅಪ್ಪ ನೀರಿನ ತಂಬಿಗೆಯನ್ನು ಮತ್ತೆ ಅವರ ಮುಂದೆ ಸರಿಸಿದ. "ಮೊದಲ ನೀರ ಕುಡೀರಿ ಸರ್. ಬಸ್ ಸರಿ ಹತ್ತ್ಯಾಳ್ರಿ ಆಕಿ. ಒಂದ ಸ್ಟಾಪ್ ಹಿಂದ ಇಳದಾಳ. ಇನ್ನೊಂದ ವರ್ಷ ಕುಂತು ಓದ್ತಾಳ, ಏನಾಗ್ತೈತಿ?"

ಒಳಗೆ ಅಡುಗೆಮನೆಯ ಬಾಗಿಲ ಸಂದಿಯಲ್ಲಿ ನಿಂತಿದ್ದ ನಾನು ಚೂಡಿದಾರದ ವೇಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಸರ್ ನೀರು ಕುಡಿದರು. ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಹಿಂಡಿ ಉಂಡರು. ಗಂಡಿನ ಸುದ್ದಿಯನ್ನು ಕಾಕಾ ಮತ್ತೆ ಎತ್ತಲಿಲ್ಲ. ಮರುವರ್ಷ ಸೀಟು ಸಿಕ್ಕಿತು. ಸುದ್ದಿ ಹೇಳಲು ಅಪ್ಪ ಮೊದಲು ಫೋನು ಮಾಡಿದ್ದು ಬಬಲೇಶ್ವರದ ಅಕ್ಕನಿಗಲ್ಲ, ಸರ್‌ಗೆ.

ಇಷ್ಟು ಹೇಳಿದ ಮೇಲೆ ಸರ್ ರಿಟೈರ್ ಆದ ದಿನದ ಮಾತು. ಕಾಲೇಜಿನವರು ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ತಯಾರು ಮಾಡಿದ್ದರು. ಅದಕ್ಕಿಂತ ಮೊದಲು ತಮಗೆ ಮೊದಲ ತಾಸಿನ ಪಾಠ ಬೇಕು ಎಂದು ಸರ್ ಹಟ ಹಿಡಿದರಂತೆ. ನಾನು ಆಸ್ಪತ್ರೆಗೆ ರಜೆ ಹಾಕಿ ಅಪ್ಪನ ಜೊತೆ ಹೋದೆ. ಅಪ್ಪ ಒಳ್ಳೆಯ ಮಣೂಕದ ಪೊಟ್ಟಣ ಹಿಡಿದುಕೊಂಡಿದ್ದ. ಕ್ಲಾಸಿನ ಬಾಗಿಲಲ್ಲಿ ಹಳೆಯ ರೂಢಿಯ ಪ್ರಕಾರ ಹೊಸ್ತಿಲು ಮುಟ್ಟಿ ನಮಸ್ಕರಿಸಿದ. ಚಪ್ಪಲಿ ಮಾತ್ರ ಕೈಯಲ್ಲಿ ಎತ್ತಿಕೊಂಡು ಒಳಗೆ ತಂದ.

ಮುಂದಿನ ಬೆಂಚುಗಳಲ್ಲಿ ಹೊಸ ಹುಡುಗರು. ಹಿಂದೆ ನಾವಿಬ್ಬರು. ನಮ್ಮ ಬಾಜೂಕ ಭೂತನಾಳದ ಒಬ್ಬ ಹಿರಿಯರು, ಒಂದೇ ತಾಸು ಕೂತು ಕೈಮುಗಿದು ಓಡಿದ್ದ ಅಪ್ಪಂದಿರಲ್ಲಿ ಒಬ್ಬರು. ಸರ್ ಬಂದರು. ಕೂದಲು ಪೂರಾ ಬೆಳ್ಳಗಾಗಿತ್ತು, ಶರ್ಟು ಅದೇ ಕೆನೆಬಣ್ಣದ್ದು. "ಗೇಟ್ ಬಿದ್ದಿತ್ತು" ಎಂದರು. ಹಾಜರಿ ಕೂಗಿದರು. ಟಿಕೋಟಾ, ಬಬಲೇಶ್ವರ, ಓಣಿಗಳು. ಹೊಸ ಹುಡುಗರದು ಮುಗಿಯಿತು. ಹಿಂದೆ ನೋಡಿದರು.

"ಘೋಣಸಗಿ ಒಂದು?"

ಅಪ್ಪ ಸುಮ್ಮನೆ ಕೂತಿದ್ದ. ನಾನು ಅವನನ್ನು ತಿವಿದೆ. ಅವನು ನನ್ನನ್ನು ತಿರುಗಿ ತಿವಿದ. "ನೀನ ಒಂದು ಬೇ" ಎಂದು ಪಿಸುಗುಟ್ಟಿದ. ನನಗೆ ಮರೆತೇ ಹೋಗಿತ್ತು. ಗಣಿತ ಬಿಟ್ಟು ಓಡಿಹೋದ ನನ್ನ ನಂಬರನ್ನು ಅವರು ಬೇರೆ ಯಾರಿಗೂ ಕೊಟ್ಟಿರಲಿಲ್ಲ. ಎದ್ದು ನಿಂತು, "ಹಾಜರ್ರಿ ಸರ್" ಎಂದೆ.

"ಘೋಣಸಗಿ ಎರಡು?"

"ಹಾಜರ್ರಿ ಸರ್." ಅಪ್ಪ ಕೈ ಕಟ್ಟಿ ನಿಂತ.

ಪಾಠ ಹೇಳಿದರು. ಅದೇ ಎರಡು ದುಂಡನೆಯ ಗೆರೆ, ಅದೇ ಆಡು, ಅದೇ ದ್ರಾಕ್ಷಿ. ಯಾರೋ ಹುಡುಗ ಎರಡನ್ನೂ ಕೂಡಿಸಿ ಹೇಳಿದ. ಸರ್ ಮಾತಾಡುವ ಮೊದಲೇ ಹಿಂದಿನಿಂದ ನಮ್ಮಪ್ಪ ನಕ್ಕುಬಿಟ್ಟ. ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಬಾಗಿಲಲ್ಲಿ ಹಾರ ಹಿಡಿದು ಪ್ರಿನ್ಸಿಪಾಲರು ನಿಂತಿದ್ದರು. ಸರ್ ಬೋರ್ಡಿನ ಮೇಲಿನ ತಮ್ಮ ಅಕ್ಷರವನ್ನು ನೋಡುತ್ತ, ಸುಣ್ಣದ ಕಡ್ಡಿಯನ್ನು ಬೆರಳಲ್ಲಿ ತಿರುವುತ್ತ ನಿಂತೇ ಇದ್ದರು. ಅವರಿಗೆ ಆ ಕಡ್ಡಿಯನ್ನು ಎಲ್ಲಿಡಬೇಕೆಂದು ತಿಳಿಯದ ಹಾಗಿತ್ತು.

ಆಗ ನಮ್ಮಪ್ಪ ಎದ್ದು ನಿಂತ.

"ಸರ್, ನಾಳೆ ಯಾವ ಪಾಠರಿ?"

ಕ್ಲಾಸು ನಕ್ಕಿತು. ಸರ್ ನಗಲಿಲ್ಲ. ತಿರುಗಿ ನಮ್ಮಪ್ಪನನ್ನು ಒಂದು ಗಳಿಗೆ ನೋಡಿದರು. ಮೊಣಕೈಯಿಂದ ಕಣ್ಣೊರೆಸಿಕೊಂಡರು. ಸುಣ್ಣದ ಕಡ್ಡಿಯನ್ನು ಶರ್ಟಿನ ಕಿಸೆಯೊಳಗೆ ಹಾಕಿಕೊಂಡರು.

"ತ್ರಿಕೋನಮಿತಿ" ಎಂದರು. "ಭೂತನಾಳ ಕೆರಿ ದಂಡಿ ಮ್ಯಾಲ, ಮುಂಜಾನಿ. ತಡಾ ಮಾಡಬ್ಯಾಡ್ರಿ."

ಮರುದಿನ ಓಪಿಡಿಯಲ್ಲಿ ಕೂಸುಗಳು ಜೋರಾಗಿ ಅಳುತ್ತಿದ್ದವು. ನಮ್ಮಪ್ಪನ ಫೋನು ಬರಲಿಲ್ಲ. ಕ್ಲಾಸಿನಲ್ಲಿದ್ದ.